ರೆಕ್ಕೆಯ ತುದಿಯಲ್ಲೊಂದು ‘ಆಗಲಿ’

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಮದುವೆಯಾದ ವಾರಕ್ಕೇ ಕಂಡುಹಿಡಿದಿದ್ದಳು. ಪುಟ್ಟ ವಿಮಾನಗಳನ್ನು ನಿಲ್ಲಿಸುವ ಕೆಲಸಕ್ಕೆ ಸಿಟ್ಟು ಇರಬೇಕು ಎಂದು ನಾನು ವಾದಿಸುತ್ತಿದ್ದೆ. ಮೂತಿಯ ಫ್ಯಾನು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿಯುವ ಶ್ರೀಮಂತರಿಗೆ, ಸೆಲ್ಫಿಗೆಂದು ರೆಕ್ಕೆಯ ಕೆಳಗೆ ನುಗ್ಗುವ ಅವರ ನೆಂಟರಿಗೆ ಯಾರಾದರೂ ಗದರಬೇಕಲ್ಲ!

ನಾವಿಬ್ಬರೂ ಧಾರವಾಡದವರು. ಅವಳಿಗೆ ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಕೊಟ್ಟರು, ನನಗೆ ಕೆಲಸ ಸಿಕ್ಕಿದ್ದು ವಿಶಾಖಪಟ್ಟಣದಲ್ಲಿ, ಎಲ್ಲರ ಬಾಯಲ್ಲಿ ವೈಜಾಗ್. ಸಮುದ್ರದ ಗಾಳಿಗೆ ಹಾರಿಹೋಗದಂತೆ ವಿಮಾನದ ರೆಕ್ಕೆಗಳನ್ನು ಹಗ್ಗದಿಂದ ನೆಲಕ್ಕೆ ಕಟ್ಟುವುದನ್ನು ಅಲ್ಲಿ ಕಲಿತೆ. ಎರಡು ವರ್ಷ ನಾನು ಅಲ್ಲಿಯ ದ್ವಾರಕಾ ನಗರದ ಒಂದು ಕೋಣೆಯಲ್ಲಿ, ಅವಳು ಇಲ್ಲಿ ವಿಜಯವಾಡದಲ್ಲಿ. ಶನಿವಾರ ರೈಲು ಹತ್ತುವುದು, ಭಾನುವಾರ ಮತ್ತೆ ರೈಲು ಹತ್ತುವುದು. ಹೆಂಡತಿಗಿಂತ ಹೆಚ್ಚು ಹೊತ್ತು ರೈಲಿನ ಕಿಟಕಿಯ ಜೊತೆ ಸಂಸಾರ ಮಾಡಿದ್ದೇನೆ. ಕೊನೆಗೆ ಕಂಪನಿಯವರು, ವಿಜಯವಾಡದ ವಿಮಾನದ ಶೆಡ್ಡಿನಲ್ಲಿ ಒಂದು ತಿಂಗಳು ನೋಡೋಣ ಎಂದರು. ಯಾವ ವಿಮಾನಕ್ಕೂ ಒಂದು ಗೀರೂ ಬೀಳದಂತೆ ತಿಂಗಳು ಕಳೆದರೆ ಇಲ್ಲೇ ಕಾಯಂ. ಇಲ್ಲವಾದರೆ ಮತ್ತೆ ವೈಜಾಗ್, ಮತ್ತೆ ರೈಲು. ಧೈರ್ಯ ಸಾಲದೆ ಅಲ್ಲಿಯ ಕೋಣೆಯನ್ನು ಬಿಟ್ಟಿರಲಿಲ್ಲ.

ಇಲ್ಲಿ ನನಗೆ ಜೊತೆಯಾದವರು ಮಂಗಳಗಿರಿಯ ಒಬ್ಬ ಅರವತ್ತರ ಹಿರಿಯರು. ಎಲ್ಲರೂ ಅವರನ್ನು ಬಾಬಾಯಿ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು. ಆಟೋನಗರದಲ್ಲಿ ಒಂದು ಆಯುಷ್ಯ ಲಾರಿಗಳನ್ನು ರಿವರ್ಸ್ ತೆಗೆಸಿದ ಗಂಟಲು ಅವರದು. ಮೊದಲ ದಿನ ವಿಮಾನವನ್ನು ಒಳಗೆ ತಳ್ಳುವಾಗ “ರಾನೀ, ರಾನೀ” ಎಂದು ಕೂಗಿದರು. ಭಲೇ, ವಿಮಾನಕ್ಕೆ ರಾಣಿ ಅಂತ ಹೆಸರಿಟ್ಟಿದ್ದಾರೆ, ಎಂಥ ಪ್ರೀತಿ ಎಂದುಕೊಂಡೆ. ಅದು ನಮ್ಮ “ಬರ್ಲಿ, ಬರ್ಲಿ” ಎಂದು ಸಂಜೆ ಹೆಂಡತಿ ಹೇಳಿ ಬಿದ್ದು ಬಿದ್ದು ನಕ್ಕಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಅವಳ ತೆಲುಗು ಹರಿತವಾಗಿತ್ತು. ವೈಜಾಗಿನಲ್ಲಿ ನಮ್ಮ ತಂಡದ್ದೆಲ್ಲ ಹಿಂದಿ. ನನ್ನ ತೆಲುಗು ಆಟೋದವನಿಗೆ ನಿಲ್ಲಿಸಲು “ಆಗಂಡಿ” ಎನ್ನುವುದರ ಆಚೆ ಹೋಗಿರಲಿಲ್ಲ.

ಬಾಬಾಯಿಯ ಹೆಗಲ ಮೇಲಿನ ಮಂಗಳಗಿರಿ ಟವೆಲಿನ ಮೇಲೆ ನನ್ನ ಕಣ್ಣು. ಫ್ಯಾನಿನ ಹತ್ತಿರ ಸಡಿಲ ಬಟ್ಟೆ ಇರಕೂಡದು. “ಬಾಬಾಯಿ, ಟವೆಲ್!” ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದೆ. “ಅಲಾಗೇ ಸಾರ್” ಎಂದು ತೆಗೆಯುತ್ತಿದ್ದರು, ನಾನು ತಿರುಗಿದ ಕೂಡಲೇ ಮತ್ತೆ ಹೆಗಲಿಗೇರಿಸುತ್ತಿದ್ದರು.

ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಸಂಜೆ ನಾಲ್ಕು ಸೀಟಿನ ವಿಮಾನವೊಂದು ಬಂದಿಳಿಯಿತು. ಎದುರಿಗೆ ನಿಂತು ಕೈಸನ್ನೆ ಮಾಡುತ್ತ ನಡಿಗೆಯ ವೇಗದಲ್ಲಿ ಕರೆತಂದು, ತೋಳುಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದು ನಿಲ್ಲಿಸಿದೆ. ಫ್ಯಾನು ನಿಂತಿತು, ಗಾಲಿಗೆ ಮರದ ತುಂಡು ಕೊಟ್ಟೆವು, ಪೈಲಟ್ಟೂ ಮಾಲೀಕರೂ ಕಾರು ಹತ್ತಿ ಹೋದರು. ಇನ್ನು ಉಳಿದದ್ದು ಮರದ ತುಂಡು ತೆಗೆದು ಹಿಮ್ಮುಖವಾಗಿ ಶೆಡ್ಡಿನೊಳಗೆ ತಳ್ಳುವುದು. ಮುಂದಿನ ಗಾಲಿಗೆ ಸಿಕ್ಕಿಸಿದ ಕಬ್ಬಿಣದ ಹಿಡಿಕೆಯನ್ನು ನಾನು ಹಿಡಿದೆ. ಎರಡು ರೆಕ್ಕೆಗೂ ಒಬ್ಬೊಬ್ಬರು ಕಾವಲಿಗೆ ಬೇಕು, ಇದ್ದವರು ಬಾಬಾಯಿ ಒಬ್ಬರೇ. ಇದೇನು ಮಹಾ ಎಂದೆ. ಬಲಗಡೆ ಬೇಕಾದಷ್ಟು ಜಾಗ, ಎಡಗಡೆ ಕಬ್ಬಿಣದ ಕಂಬ. ಅವರನ್ನು ಎಡಕ್ಕೆ ನಿಲ್ಲಿಸಿದೆ.

“ರಾನೀ, ರಾನೀ” ಎಂದರು. ತಳ್ಳಿದೆ. ಆಮೇಲೆ “ಆಗಾಲಿ ಸಾರ್, ಆಗಾಲಿ!” ಎಂಬ ಕೂಗು ಕೇಳಿತು. ಆಗ್ಲಿ ಅಂದರಲ್ಲ, ಸರಿ ಮತ್ತೆ, ಎಂದು ಇನ್ನಷ್ಟು ತಳ್ಳಿದೆ. ನಿಲ್ಲಬೇಕು, ನಿಲ್ಲಬೇಕು ಎಂದು ತೆಲುಗಿನಲ್ಲಿ ಅವರು ಕೂಗುತ್ತಿದ್ದದ್ದು! ಅವಸರದಲ್ಲಿ ಕಿವಿ ಹುಟ್ಟಿದೂರಿಗೆ ಓಡುತ್ತದೆ. ಅವರು ಚೀರಿದಷ್ಟೂ, ಬಾಬಾಯಿಗೆ ಇವತ್ತು ಎಂಥ ಹುಮ್ಮಸ್ಸು ಎಂದುಕೊಳ್ಳುತ್ತ ತಳ್ಳಿದೆ. ಮೆತ್ತಗೆ ಏನೋ ತಡೆದಂತಾಯಿತು.

ಓಡಿಹೋಗಿ ನೋಡಿದರೆ, ರೆಕ್ಕೆಯ ತುದಿಗೂ ಕಂಬಕ್ಕೂ ನಡುವೆ ಆ ಟವೆಲ್! ಉಂಡೆ ಮಾಡಿ ತುರುಕಿ, ಕೊನೆಯ ಗಳಿಗೆಯಲ್ಲಿ ಕೈ ಎಳೆದುಕೊಂಡಿದ್ದರು. “ಕೈ ತೋರಸ್ರಿ ಬಾಬಾಯಿ, ಕೈ ತೋರಸ್ರಿ” ಎಂದು ಕನ್ನಡದಲ್ಲೇ ಬಡಬಡಿಸಿ, ಅವರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ರೆಕ್ಕೆಯ ಮೇಲೆ ಗೀರು ಇರಲಿಲ್ಲ, ತುದಿಯ ದೀಪದ ಗಾಜೂ ಸರಿಯಾಗಿತ್ತು. ಬಾಬಾಯಿ ನನ್ನ ಮುಖ ನೋಡಿ ಮೆಲ್ಲಗೆ, “ಎವರೂ ಚೂಡಲೇದು ಸಾರ್” ಎಂದರು. ಯಾರೂ ನೋಡಿಲ್ಲ ಎಂದು.

ಸುಳ್ಳೇಕೆ ಹೇಳಲಿ, ಮುಚ್ಚಿಹಾಕುವ ಆಸೆ ನನಗೂ ಆಯಿತು. ಎರಡೇ ದಿನ! ಆದರೆ ಕಣ್ಣಿಗೆ ಕಾಣದ ಪೆಟ್ಟು ಒಳಗೆ ಬಿದ್ದಿದ್ದರೆ? ಮರುದಿನ ಬೆಳಿಗ್ಗೆ ಆ ಮಾಲೀಕರು ಮಗಳನ್ನು ಕೂರಿಸಿಕೊಂಡು ಹಾರುವವರಿದ್ದರು. ಊರಿಗೆಲ್ಲ ಗದರಿದವನು ನಾನು, ಹೇಳೋದು ಆಚಾರ ತಿನ್ನೋದು ಬದನೆಕಾಯಿ ಆಗಬಾರದು. ಕಾವಲಿಗೆ ಒಬ್ಬರೇ ಇದ್ದದ್ದು, ಮಾತು ತಿಳಿಯದೆ ನಾನು ತಳ್ಳಿದ್ದು, ಎಲ್ಲವನ್ನೂ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟೆ.

ಅವರು ಓದಿದರು. ಮೆಕ್ಯಾನಿಕ್ಕನ್ನು ಕರೆಸಿ ರೆಕ್ಕೆಯನ್ನು ತಟ್ಟಿ, ತಡವಿ, ಟಾರ್ಚು ಹಾಕಿ ನೋಡಿಸಿದರು. ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಮೀರು ಇಂಕ ಇಕ್ಕಡೇ ಆಗಿಪೋಂಡಿ” ಎಂದು, ಬಡಿದುಕೊಳ್ಳುತ್ತಿದ್ದ ಫೋನನ್ನು ಕಿವಿಗಿಟ್ಟುಕೊಂಡು ಹೊರಟುಹೋದರು.

ಆಗು ಎಂದರೆ ನಿಲ್ಲು ಎಂಬುದು ಈಗಷ್ಟೇ ತಲೆಗೆ ನಾಟಿತ್ತಲ್ಲ. ನಿನ್ನ ಕೆಲಸ ಇಲ್ಲಿಗೇ ನಿಂತಿತು, ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಗೇಟು ದಾಟಿದೆ. ಬಾಬಾಯಿ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಹೆಂಡತಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

“ಮುಗೀತು ನಂದು. ಮತ್ತ ರೈಲೇ ಗತಿ,” ಎಂದೆ.

“ಏನಂದ್ರು ಅವರು? ಅಂದಂಗ ಹೇಳ್ರಿ.”

ಹೇಳಿದೆ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

“ಅಯ್ಯ ನನ್ನ ಗಂಡಪ್ಪಾ! ಇನ್ನ ಇಲ್ಲೇ ನಿಂತ್ಬಿಡ್ರಿ ಅಂದಾರ್ರೀ! ಎಲ್ಲೂ ಹೋಗಬ್ಯಾಡ್ರಿ ಅಂತ. ನೀವು ಮುಚ್ಚಿಡದ ಬರದು ಕೊಟ್ಟದ್ದು ಅವರಿಗೆ ಹಿಡಸೇತಿ. ವೈಜಾಗಿನ ಖೋಲಿ ಖಾಲಿ ಮಾಡ್ರಿ!”

“ಖರೇನ?”

“ಖರೇ ಅಂದ್ರ ಖರೇ. ಲಗೂನ ಮನಿಗೆ ಬರ್ರಿ.”

“ಆಗ್ಲಿ! ಆಗ್ಲಿ!” ಎಂದು ನಡುರಸ್ತೆಯಲ್ಲೇ ಕೂಗಿಬಿಟ್ಟೆ.

ಬಾಬಾಯಿ ಗಕ್ಕನೆ ಸೈಕಲ್ ನಿಲ್ಲಿಸಿದರು.