ಕನ್ನಡ ಕೇಳುತ್ತಿದ್ದ ಕರಡಿ

ಅತಿಯಾಗಿ ಮಾಗಿದ ಪಪ್ಪಾಯಿಗೆ ಒಂದು ವಾಸನೆ ಇರುತ್ತದೆ, ಸಿಹಿ ಮುಗಿದು ಕೊಳೆಯುವುದು ಇನ್ನೂ ಶುರುವಾಗದ ನಡುವಿನದು. ನಾಸಿಕ್‌ನ ನನ್ನ ಅಡುಗೆಮನೆಯಲ್ಲಿ ಅಂಥ ಹಣ್ಣಿಗೆ ಚಾಕು ತಾಗಿಸಿದರೆ ಸಾಕು, ಔರಂಗಾಬಾದಿನ ನಮ್ಮ ಬಾಡಿಗೆ ಮನೆ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಮೋಟಾರ್ ಸೈಕಲ್ಲುಗಳ ಶೋರೂಮ್ ಇದೆಯಂತೆ. ಊರಿನ ಹೆಸರೂ ಬದಲಾಯಿತು. ನಿಮಗೂ ಅಂಥ ಮನೆಯೊಂದು ಇದ್ದೀತು, ವಾಸನೆಯಲ್ಲಷ್ಟೇ ಉಳಿದದ್ದು. ನಮ್ಮದರಲ್ಲಿ ತಣ್ಣನೆಯ ಕಲ್ಲುನೆಲವಿತ್ತು, ಅವ್ವ ಹಳೆಯ ಇಳಕಲ್ ಸೀರೆ ಹರಿದು ಹಿತ್ತಲ ಬಾಗಿಲಿಗೆ ಹೊಲಿದ ಪರದೆ ಇತ್ತು, ಮತ್ತು ದೀಪ ಹಚ್ಚುವ ಹೊತ್ತಿಗೆ ಗಾಳಿ ತಿರುಗಿದರೆ ಹತ್ತಿರದ ಪ್ರಾಣಿಸಂಗ್ರಹಾಲಯದಿಂದ ತೇಲಿಬರುವ ಕೂಗು. ‘ಸುರು ಆತು ನೋಡ್ರಿ ನಮ್ಮ ನೆರೆಯವರ ಭಜನಿ’ ಎಂದು ಬ್ಯಾಂಕಿನಿಂದ ಬಂದ ಅಪ್ಪ ಬೂಟು ಬಿಚ್ಚುತ್ತ ಹೇಳುತ್ತಿದ್ದರು. ಕಲಬುರ್ಗಿಯಿಂದ ವರ್ಗವಾಗಿ ಬಂದವರು ನಾವು. ನಾನು ತೀರ ಚಿಕ್ಕವಳಿದ್ದೆ. ಮನೆಯಲ್ಲಿ ಕನ್ನಡ ಕೇಳಿ ಬಾಯಲ್ಲಿ ಮರಾಠಿ ಆಡಿ ಬೆಳೆದೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ವಿಜಿ ಅಕ್ಕ ಮಾತ್ರ ಊರಿನ ಮಾತನ್ನು ಇಡಿಯಾಗಿ ಹೊತ್ತು ತಂದಿದ್ದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಲೂಸಿ, ದೊಡ್ಡ ತರಗತಿಯ ಹುಡುಗಿಯರು ಭಾನುವಾರ ಬೆಳಗ್ಗೆ ಪ್ರಾಣಿಸಂಗ್ರಹಾಲಯದಲ್ಲಿ ಸ್ವಯಂಸೇವಕಿಯರಾಗಬೇಕೆಂದು ಹೊಸ ಪರಿಪಾಠ ಶುರುಮಾಡಿದರು. ತೋಳಿಗೆ ಹಸಿರು ಪಟ್ಟಿ. ಹಣ್ಣು ಹೆಚ್ಚುವುದು, ನೀರಿನ ತೊಟ್ಟಿ ತಿಕ್ಕುವುದು, ಶೇಂಗಾ ಎಸೆಯುವವರನ್ನು ತಡೆಯುವುದು, ಅಪ್ಪಂದಿರ ಹೆಗಲೇರಿ ಬಂದ ಮಕ್ಕಳಿಗೆ ನವಿಲು ಯಾಕೆ ಗರಿ ಉದುರಿಸುತ್ತದೆಂದು ಹೇಳುವುದು. ಎಲ್ಲರ ಮುಂದಾಳಿಗೆ ಹಳದಿ ಪಟ್ಟಿ. ಅದು ಅಕ್ಕನ ತೋಳಿಗೆ ಬಂತು. ಚಿಕ್ಕ ತರಗತಿಯ ನಾನು ಪಟ್ಟಿಯಿಲ್ಲದೆಯೇ ಅವಳ ಬೆನ್ನಿಗಂಟಿ ಹೋಗುತ್ತಿದ್ದೆ. ಶನಿವಾರ ಸಂಜೆ ಅದನ್ನು ಒಗೆದು, ಸ್ಟೀಲ್ ತಂಬಿಗೆಯಲ್ಲಿ ಕೆಂಡ ಹಾಕಿ ತಾನೇ ಇಸ್ತ್ರಿ ಮಾಡುತ್ತಿದ್ದಳು. ಅವ್ವನಿಗೆ ಇದು ಒಂದಿಷ್ಟೂ ಸೇರುತ್ತಿರಲಿಲ್ಲ. ‘ಹತ್ತನೇ ಕ್ಲಾಸ್ ಓದೋ ಹುಡುಗಿ ಕರಡಿ ಹೊಲಸು ಬಳೀಲಿಕ್ಕ ಹೋಗ್ತಾಳಂತ ಗೊತ್ತಾದ್ರ ನಾಳಿ ನಿನ್ನ ಕೇಳ್ಕೊಂಡು ಯಾರು ಬರ್ತಾರ?’ ಎಂದರೆ, ಅಕ್ಕ ಜಡೆ ಹೆಣೆಯುತ್ತ, ‘ಕರಡೀನೇ ಬರ್ತದ ತಗೋ ಅವ್ವ. ಕೂದ್ಲಾ ಭಾಳ ಛಲೋ ಅವ’ ಅನ್ನುತ್ತಿದ್ದಳು. ಅಪ್ಪ ಪೇಪರಿನ ಹಿಂದೆ ನಗುತ್ತಿದ್ದರು. ಅವ್ವ ನಗಲಿಲ್ಲ, ಮಗಳ ಆ ಕೆಲಸವನ್ನು ಒಂದು ಸಲವೂ ಬಂದು ನೋಡಲಿಲ್ಲ.

ಆ ಕರಡಿಯ ಹೆಸರು ಮುನ್ನಿ. ಬೀದಿಯಲ್ಲಿ ಕುಣಿಸುವವನ ಕೈಯಿಂದ ಬಿಡಿಸಿ ತಂದದ್ದು; ಹಗ್ಗ ಪೋಣಿಸಿದ್ದ ತೂತು ಮೂಗಿನ ಮೇಲೆ ಹಾಗೇ ಇತ್ತು. ಜನ ಕಂಡರೆ ಒಳಗಿನ ಗವಿಯ ಮೂಲೆ ಸೇರಿಬಿಡುತ್ತಿತ್ತು. ಅಕ್ಕ ಬೋನಿನ ಮುಂದಿನ ಕಟಕಟೆಯ ಎಡ ಮೂಲೆಯಲ್ಲಿ ನಿಂತು ಕನ್ನಡದಲ್ಲಿ ಮೆಲ್ಲಗೆ ಕರೆದರೆ ಮಾತ್ರ ತುಟಿ ಚಪ್ಪರಿಸುತ್ತ ಹೊರಗೆ ಬಂದು, ಕಾವಲಿನ ರಹೀಮ್‌ಚಾಚಾ ತಳ್ಳಿದ ತಗಡಿನ ತಟ್ಟೆಯಿಂದ ಪಪ್ಪಾಯಿ ತಿನ್ನುತ್ತಿತ್ತು. ವಾರದ ಉಳಿದ ದಿನ ಕತ್ತಲಾದ ಮೇಲೆ ಬಂದು ಕದ್ದಂತೆ ತಿಂದು ಹೋಗುವುದು ಅದರ ರೂಢಿ. ‘ಹಮಾರಿ ಮುನ್ನಿ ತೋ ಕಾನಡೀ ಹೋ ಗಯೀ’, ನಮ್ಮ ಮುನ್ನಿ ಕನ್ನಡದವಳೇ ಆಗಿಬಿಟ್ಟಳು, ಎಂದು ಚಾಚಾ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಆ ಮಳೆಗಾಲ ಅಕ್ಕನಿಗೆ ಜ್ವರ ಬಂತು. ವಿಷಮಜ್ವರ ಅಂದರು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಅವ್ವ ಪ್ರಾಣಿಸಂಗ್ರಹಾಲಯದ ಕಡೆಯ ಕಿಟಕಿಗೆ ಅಗುಳಿ ಹಾಕಿದಳು, ಆದರೂ ಸಂಜೆಯ ಕೂಗು ಸಂದಿಯಿಂದ ತೂರಿ ಬರುತ್ತಿತ್ತು. ಅಕ್ಕನ ಹೆಸರು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದ ಹೆಸರು ಎಲ್ಲ ಕಡೆ ಇತ್ತು, ದಿಂಬಿನ ಎಣ್ಣೆಗಂಪಿನಲ್ಲಿ, ಬಾಚಣಿಗೆಯ ಹಲ್ಲುಗಳ ನಡುವೆ. ಅವ್ವ ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಲ್ಲಿ ಸರಿಸಿ ಸರಿಸಿ ಎದ್ದುಬಿಡುತ್ತಿದ್ದಳು.

ಮತ್ತೆ ಭಾನುವಾರದ ಗುಂಪಿಗೆ ನಾನು ಹೋದಾಗ ಮುನ್ನಿ ಒಳಗೇ ಬಿದ್ದುಕೊಂಡಿತ್ತು. ರಾತ್ರಿಯೂ ತಿನ್ನುತ್ತಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ ಎಂದು ಪ್ರಾಣಿಗಳ ಡಾಕ್ಟರು ಸಿಸ್ಟರ್‌ಗೆ ಹೇಳಿದ್ದರು. ‘ಅಕ್ಕನ ಹಾಗೆ ನೀನೊಮ್ಮೆ ಕರೆದು ನೋಡು’ ಎಂದು ಸಿಸ್ಟರ್ ನನ್ನ ಹೆಗಲು ಹಿಡಿದರು. ಕರೆದೆ. ಅಕ್ಕನ ಶಬ್ದಗಳೇ, ಆದರೆ ನನ್ನ ಬಾಯಲ್ಲಿ ಮರಾಠಿಯ ರಾಗಕ್ಕೆ ವಾಲಿ ಬಿದ್ದವು. ಒಂದು ಕಿವಿ ಎದ್ದಿತು, ಮತ್ತೆ ಮಲಗಿತು. ‘ವೋ ಆವಾಜ್ ನಹೀಂ ಹೈ, ಬೇಟಾ’, ಇದು ಆ ದನಿಯಲ್ಲ ಮಗಳೇ, ಎಂದರು ಚಾಚಾ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ನನ್ನನ್ನು ಕಣ್ಣಲ್ಲೇ ತಡೆದರು. ಅವ್ವ ತಲೆ ಎತ್ತದೆ ಕೇಳಿದಳು, ‘ಏನಂತ ಕರೀತಿದ್ಲು?’ ನಾನು ತೊದಲುತ್ತ ಒಪ್ಪಿಸಿದೆ: ‘ಬಾರ ನಮ್ಮವ್ವ, ಒಂದ ತುತ್ತು ಉಣ್ಣು. ನೀ ಉಣ್ಣಲಾರದ ನನಗ ಗಂಟಲದಾಗ ಇಳಿಯೂದಿಲ್ಲ.’ ಅವ್ವನ ಬೆರಳು ಅನ್ನದಲ್ಲೇ ನಿಂತವು. ಊಟಕ್ಕೆ ಹಟ ಮಾಡುತ್ತಿದ್ದ ಪುಟ್ಟ ವಿಜಿಯ ಹಿಂದೆ ಕಲಬುರ್ಗಿಯ ಮನೆಯಂಗಳದಲ್ಲಿ ಬಟ್ಟಲು ಹಿಡಿದು ಇದೇ ಮಾತು ಹೇಳುತ್ತ ಓಡಾಡಿದವಳು ಅವಳೇ ತಾನೆ?

ಮುಂದಿನ ಭಾನುವಾರ ಅವ್ವ ನನ್ನ ಜೊತೆ ಬಂದಳು. ಬೀಗರ ಮನೆಗೆ ಮೊದಲ ಸಲ ಹೋದವಳಂತೆ ತಲೆ ತುಂಬ ಸೆರಗು ಹೊದ್ದು ಕಟಕಟೆಯ ನಡುವೆ ನಿಂತಳು. ಆಮೇಲೆ ಕರೆದಳು. ಅದು ಅಕ್ಕನ ದನಿ. ಅಕ್ಷರ ಎಳೆಯುವ ರೀತಿ, ಕೊನೆಗೆ ಇಳಿಯುವ ಉಸಿರು, ಎಲ್ಲ. ಗವಿಯ ಕತ್ತಲೆ ಅಲುಗಿತು. ಮುನ್ನಿ ಹೊರಗೆ ಬಂತು, ಎಲುಬು ಕಾಣುವಷ್ಟು ಸೊರಗಿತ್ತು. ಅದು ಅವ್ವನನ್ನು ನೋಡಲಿಲ್ಲ. ಎಡ ಮೂಲೆಯನ್ನು, ಯಾರೂ ಇಲ್ಲದ ಆ ಜಾಗವನ್ನು, ತುಂಬ ಹೊತ್ತು ನೋಡಿತು. ನಾವೂ ನೋಡಿದೆವು. ಆಮೇಲೆ ತಟ್ಟೆಗೆ ಮೂತಿ ಹಾಕಿತು.

ಹಸಿರು ಪಟ್ಟಿಯ ಹುಡುಗಿಯರು ಅವ್ವನ ಸುತ್ತ ನೆರೆದರು. ‘ಕಾಕೂ, ನಿಮಗೆ ಗೊತ್ತಾ?’ ಎಂದು ಒಬ್ಬೊಬ್ಬಳೂ ಒಂದೊಂದು ಹೇಳಿದಳು. ಮುನ್ನಿಯನ್ನು ಛತ್ರಿಯಿಂದ ತಿವಿಯುತ್ತಿದ್ದ ಗಂಡಸೊಬ್ಬನಿಗೆ ಅಕ್ಕ ‘ಕಾಕಾ, ನನಗೆ ಬಿಸಿಲು ತಾಗುತ್ತಿದೆ, ಅದನ್ನ ಕೊಡ್ತೀರಾ?’ ಎಂದು ಕೇಳಿ, ಅವನು ಗೇಟು ದಾಟುವವರೆಗೆ ಗಂಭೀರವಾಗಿ ಛತ್ರಿ ಹಿಡಿದೇ ಅವನ ಪಕ್ಕ ನಡೆದಳಂತೆ. ಅವ್ವ ಸೆರಗಿನೊಳಗೆ ನಕ್ಕಳು. ‘ಹಂಗ ಅಂದ್ಲಾ? ಆಕಿ?’ ಎಂದು ಮತ್ತೆ ಮತ್ತೆ ಕೇಳಿದಳು. ಮನೆಗೆ ಬಂದು ಉಂಡಳು.

ಅಲ್ಲಿಂದ ಪ್ರತಿ ಭಾನುವಾರ ಹೋದಳು, ಅಪ್ಪನಿಗೆ ನಾಸಿಕ್‌ಗೆ ವರ್ಗವಾಗುವ ತನಕ. ಹೊರಡುವಾಗೆಲ್ಲ ಮುನ್ನಿಗೆ ‘ಬರ್ತೀನವ್ವ’ ಅನ್ನುತ್ತಿದ್ದಳು, ನಾವೆಲ್ಲ ಅನ್ನುವಂತೆ, ಆಸ್ಪತ್ರೆಯ ರಿಕ್ಷಾ ಹತ್ತುವಾಗ ಅಕ್ಕ ಅಂದಂತೆ. ಕೊನೆಯ ಭಾನುವಾರ ಅದು ತಿಂದು ಮುಗಿಸುವವರೆಗೂ ನಿಂತು, ‘ಹೋಗ್ತೀನವ್ವ’ ಅಂದಳು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಹಾಗೆ ಯಾಕಂದೆ ಎಂದು ದಾರಿಯಲ್ಲಿ ಕೇಳಿದೆ. ‘ಬರ್ತೀನಿ ಅಂದ್ರ ಕಾಯ್ತದ’ ಎಂದಳು. ‘ಕಾಯೂದು ಎಂಥಾದ್ದಂತ ನನಗ ಗೊತ್ತದ.’

ಅವ್ವ ತೀರಿಕೊಂಡದ್ದು ಇಲ್ಲಿ, ನಾಸಿಕ್‌ನಲ್ಲಿ. ಕೊನೆಯ ದಿನಗಳಲ್ಲಿ ಮಾತು ನಿಂತುಹೋಗಿತ್ತು. ನನ್ನ ಕೈ ಹಿಡಿದು ಬರೀ ನೋಡಿದಳು. ಬರ್ತೀನಿ ಅನ್ನಲಿಲ್ಲ, ಹೋಗ್ತೀನಿ ಅಂತಲೂ ಅನ್ನಲಿಲ್ಲ. ಕಾಯಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ.