ಹಸಿರು ಡಬ್ಬದ ರುದ್ರೇಶ್ ಮೇಷ್ಟ್ರು

ರುದ್ರೇಶ್ ಮೇಷ್ಟ್ರು ಆಯುಧಪೂಜೆಯ ದಿನ ಮನೆಯಲ್ಲಿದ್ದ ಎರಡು ಕಂಪ್ಯೂಟರ್‌ಗಳನ್ನು ಅಕ್ಕಪಕ್ಕ ಇಡುತ್ತಿದ್ದರು. ಹಸಿರು ಕಂಪನಿಯ ಪ್ರಾಸೆಸರ್ ಇದ್ದದ್ದಕ್ಕೆ ಮೂರು ಬೆರಳಿನ ವಿಭೂತಿ, ಸೇವಂತಿಗೆ ಹಾರ, ಮುಂದೊಂದು ಬೂದುಗುಂಬಳ. ನೀಲಿ ಕಂಪನಿಯದಕ್ಕೆ ಒಂದೇ ಒಂದು ಹೂವು, ಅದೂ ಹಾರದಿಂದ ಉದುರಿದ್ದು.

"ಇದ್ಯಾಕ್ ಸಾರ್ ಮಲತಾಯಿ ಧೋರಣೆ?" ಎಂದು ಕೇಳಿದರೆ, "ಹೂವು ಇಟ್ಟಿದೀನಲ್ಲೋ, ಇನ್ನೇನು ಪಲ್ಲಕ್ಕಿ ಉತ್ಸವ ಮಾಡ್ಬೇಕಾ ಅದಕ್ಕೆ?" ಅನ್ನುತ್ತಿದ್ದರು.

ಕಂಪನಿಗಳನ್ನು ಡಬ್ಬದ ಬಣ್ಣದಿಂದ ಗುರುತಿಸುವುದು ಆಗ ಮೈಸೂರಿನ ಕಂಪ್ಯೂಟರ್ ಹುಚ್ಚರ ರೂಢಿ. ಎರಡು ಸಾವಿರದ ಇಸವಿಯ ಆಚೀಚೆ, ಬಿಡಿಭಾಗ ತಂದು ಯಾರಿಂದಲಾದರೂ ಜೋಡಿಸಿಕೊಳ್ಳುತ್ತಿದ್ದ ಕಾಲ. ಮೇಷ್ಟ್ರು ಐಟಿಐ ಒಂದರಲ್ಲಿ ವೈರಿಂಗ್ ಕಲಿಸುತ್ತಿದ್ದರು. ಉಳಿದ ಹೊತ್ತಿನಲ್ಲಿ ಶ್ರೀರಾಂಪುರದ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಬಿಚ್ಚಿ, ಕಟ್ಟಿ, ಪರೀಕ್ಷೆ ಮಾಡಿ ಪ್ರತಿ ಶನಿವಾರ ಒಂದು ಸಂಜೆ ಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದರು. ನಾನು ಆ ಪತ್ರಿಕೆಯಲ್ಲಿ ಕರಡು ತಿದ್ದುವವನು. ತಿದ್ದುವುದಕ್ಕಿಂತ ಇನ್ನೊಬ್ಬರ ಹಾಗೆ ಮಾತಾಡಿ ತೋರಿಸುವುದರಲ್ಲೇ ನನ್ನ ಆಯಸ್ಸು ಕಳೆಯುತ್ತದೆಂದು ಸಂಪಾದಕರು ಬೈಯುತ್ತಿದ್ದರು. ಆ ಬೈಗುಳವನ್ನೂ ಅವರ ಹಾಗೆಯೇ ಬೈದು ತೋರಿಸುತ್ತಿದ್ದೆ.

ಮೇಷ್ಟ್ರನ್ನು ಅನುಕರಿಸುವುದು ಬಹಳ ಸುಲಭವಾಗಿತ್ತು. ಹಸಿರು ಕಂಪ್ಯೂಟರ್ ಹ್ಯಾಂಗ್ ಆದರೆ ಕನ್ನಡಕ ಮೇಲೇರಿಸಿ, "ಕರೆಂಟಿಂದು ಕಣೋ, ಅದೇನ್ ಮಾಡ್ತದೆ ಪಾಪ" ಅನ್ನಬೇಕು. ನೀಲಿಯದು ಹ್ಯಾಂಗ್ ಆದರೆ ಕನ್ನಡಕ ಕೆಳಗಿಳಿಸಿ, "ಹುಟ್ಟುಗುಣ! ಸುಟ್ರೂ ಹೋಗಲ್ಲ ಬುಡು" ಅನ್ನಬೇಕು. ಬರವಣಿಗೆಯೂ ಹಾಗೆಯೇ. ಹಸಿರು ಯಾವಾಗಲೂ ಮಣ್ಣಿನ ಮಡಕೆಯಂತೆ ತಣ್ಣಗಿರುತ್ತಿತ್ತು, ನೀಲಿಯ ಮೇಲೆ ಹಪ್ಪಳ ಸುಡಬಹುದಿತ್ತು. ಮೇಷ್ಟ್ರು ಕಂಪನಿಯಿಂದ ತಿಂದಿದ್ದಾರೆ ಎಂಬ ಗುಮಾನಿ ಊರಿನಲ್ಲಿತ್ತು. ಒಮ್ಮೆ ನಾನು ಕೇಳಿಯೇಬಿಟ್ಟೆ. ಜೇಬಿನಿಂದ ಕೀಚೈನ್ ತೆಗೆದು ತೋರಿಸಿದರು. "ಇದೊಂದ್ ಕೊಟ್ಟವ್ರೆ. ಅದೂ ನಾನೇ ಕೇಳಿ ಇಸ್ಕೊಂಡಿದ್ದು."

ಇಷ್ಟೆಲ್ಲ ಗೇಲಿ ಮಾಡಿದ ನಾನು ಕೊನೆಗೆ ಕೊಂಡದ್ದೂ ಹಸಿರನ್ನೇ. ಕೊಂಡ ಮೇಲೆ ಮೇಷ್ಟ್ರಿಗಿಂತ ದೊಡ್ಡ ಭಕ್ತನಾದೆ. ವರ್ಷವಿಡೀ ಕಾಫಿ ಬಿಟ್ಟು ಕೊಂಡದ್ದನ್ನು ಕೆಟ್ಟದ್ದು ಅನ್ನುವುದಕ್ಕೆ ಬಾಯಿ ಬರಬೇಕಲ್ಲ!

ಕೃಷ್ಣಮೂರ್ತಿಪುರಂನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಸುಮಿತ್ರಮ್ಮನವರೂ ಮೇಷ್ಟ್ರ ವಿಮರ್ಶೆ ಓದಿಯೇ ಹಸಿರು ಕೊಂಡಿದ್ದರು. ಅವರ ಜೀವನ ನಡೆಯುತ್ತಿದ್ದುದು ಲಗ್ನಪತ್ರಿಕೆಗಳಿಂದ. ಒಂದು ಏಪ್ರಿಲ್ ಮಧ್ಯಾಹ್ನ ನಾನು ವಾರದ ಬರಹ ಇಸಿದುಕೊಳ್ಳಲು ಮೇಷ್ಟ್ರ ಮನೆಗೆ ಹೋಗಿದ್ದಾಗ, ಆಕೆ ಆಟೋದಲ್ಲಿ ಕಂಪ್ಯೂಟರ್ ಹೇರಿಕೊಂಡು ಬಂದಿಳಿದರು.

"ದಿನಕ್ಕೆ ಮೂರು ಸಲ ನಿಂತೋಗ್ತದೆ ಸಾರ್. ಒಂದೇ ಪತ್ರಿಕೆ ಎರಡೆರಡು ಸಲ ಅಳಿಸೋಯ್ತು. ಇಲ್ಲಿವರೆಗೆ ನಾಕು ಪಾರ್ಟಿ ಬೇರೆ ಅಂಗಡಿಗೆ ಹೋದ್ರು."

"ಕರೆಂಟು..." ಎಂದು ಮೇಷ್ಟ್ರು ಶುರು ಮಾಡಿದರು.

"ಯುಪಿಎಸ್ ಇದೆ."

"ಧೂಳು..."

"ದಿನಾ ಒರೆಸ್ತೀನಿ." ಆಕೆ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. "ನಿಮ್ದೂ ಇದೇ ತಾನೆ ಸಾರ್? ಅದ್ಯಾಕೆ ಒಂದ್ ಕಡೆ ಮುಚ್ಚಳಾನೇ ಇಲ್ಲ?"

ಮೇಷ್ಟ್ರು ತಿರುಗಿ ನೋಡಿದರು. ನಾನೂ ನೋಡಿದೆ. ಹಸಿರು ಕಂಪ್ಯೂಟರಿನ ಪಕ್ಕದ ಮುಚ್ಚಳ ಎಂದೂ ಹಾಕಿರಲೇ ಇಲ್ಲ. ದಿನಕ್ಕೊಂದು ಸಲ ಅದರೊಳಗೆ ಕೈಯಾಡಿಸದಿದ್ದರೆ ಅವರಿಗೆ ಸಮಾಧಾನವಿಲ್ಲ, ಮುಚ್ಚುವುದು ಯಾಕೆ? ನೀಲಿಯನ್ನು ಆಯುಧಪೂಜೆ ಬಿಟ್ಟರೆ ಪರೀಕ್ಷೆಯ ದಿನ ಮಾತ್ರ ಹೊರಗೆ ತೆಗೆಯುತ್ತಿದ್ದರು, ಎಲ್ಲ ಸ್ಕ್ರೂ ಬಿಗಿದಂತೆಯೇ. ಮೂರು ವರ್ಷ ಒಂದನ್ನು ಬನಿಯನ್ನಿನಲ್ಲಿ, ಇನ್ನೊಂದನ್ನು ಸ್ವೆಟರ್ ತೊಡಿಸಿ ಓಡಿಸಿ, ಯಾರು ಬೆವರಿದರು ಎಂದು ಬರೆದಿದ್ದರು.

"ಬೇಕೂಂತ ಮಾಡಿಲ್ಲ ಕಣಮ್ಮ," ಎಂದರು ಮೇಷ್ಟ್ರು.

"ದುಡ್ಡು ತಗೊಂಡು ಬರೆದಿದ್ರೆ ನಂಗೆ ಅರ್ಥ ಆಗೋದು ಸಾರ್. ತಗೊಳ್ದೇನೇ ಹಿಂಗೆ ಬರೆದ್ರಲ್ಲ!"

ಮೇಷ್ಟ್ರು ಎದ್ದು ನೀಲಿಯನ್ನು ಹೊರಗೆ ತಂದಿಟ್ಟರು. ಹಸಿರಿಗೂ ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ಎರಡಕ್ಕೂ ಒಂದೇ ಕೆಲಸ ಕೊಟ್ಟು ಕುರ್ಚಿ ಎಳೆದುಕೊಂಡು ಕೂತರು. ಒಳಗಿನಿಂದ ಎರಡನೇ ಸಲ ಕಾಫಿ ಬರುವಷ್ಟರಲ್ಲಿ ಹಸಿರು ಕಾದು ಅದರ ಪರದೆ ನಿಂತುಹೋಯಿತು. ನೀಲಿ ತನ್ನ ಪಾಡಿಗೆ ಓಡುತ್ತಲೇ ಇತ್ತು. ಮೇಷ್ಟ್ರು ಮೌಸ್ ಅಲ್ಲಾಡಿಸಿದರು, ಎತ್ತಿ ಕುಟ್ಟಿದರು, ಮತ್ತೆ ಅಲ್ಲಾಡಿಸಿದರು. 'ಹುಟ್ಟುಗುಣ' ಎಂಬ ಮಾತು ಅವರದೇ ಧಾಟಿಯಲ್ಲಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಕಾಫಿಯ ಜೊತೆ ನುಂಗಿಕೊಂಡೆ.

ಅಂದೇ ಸುಮಿತ್ರಮ್ಮನವರ ಯಂತ್ರಕ್ಕೆ ಹಿಂದುಗಡೆ ಇನ್ನೊಂದು ಫ್ಯಾನ್ ಕೂರಿಸಿ ಕಳಿಸಿದರು. ಶನಿವಾರಕ್ಕೆ ಬಂದ ಬರಹ ಇಷ್ಟೇ: "ಮೂರು ವರ್ಷದಿಂದ ಹಸಿರನ್ನು ತೆರೆದಿಟ್ಟು, ನೀಲಿಯನ್ನು ಮುಚ್ಚಿಟ್ಟು ಪರೀಕ್ಷೆ ಮಾಡಿದ್ದೇನೆ. ನೀವು ಮನೆಯಲ್ಲಿ ಮುಚ್ಚಿಟ್ಟೇ ಬಳಸುತ್ತೀರಿ. ನನ್ನ ಮಾತು ನಂಬಿ ಕೊಂಡವರು ವಿಳಾಸ ಬರೆದು ತಿಳಿಸಿದರೆ ಬಂದು ಫ್ಯಾನ್ ಹಾಕಿಕೊಡುತ್ತೇನೆ." ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಆಮೇಲೆ ಅವರು ಬರೆಯಲಿಲ್ಲ. ಆ ಜಾಗಕ್ಕೆ ವಾರಭವಿಷ್ಯ ಬಂತು. ಅದರಲ್ಲಿ ಪಕ್ಷಪಾತದ ಸೊಲ್ಲೇ ಇಲ್ಲ, ಹನ್ನೆರಡು ರಾಶಿಗೂ ಧನಲಾಭ.

ಆ ಬೇಸಿಗೆಯೆಲ್ಲ ಮೇಷ್ಟ್ರು ಸ್ಕೂಟರಿನಲ್ಲಿ ಊರು ಸುತ್ತಿದರು. ಬನ್ನಿಮಂಟಪದ ಒಂದು ಮನೆಯಲ್ಲಿ ಬೈಸಿಕೊಂಡರಂತೆ, ಇನ್ನೊಂದರಲ್ಲಿ ಊಟ ಮಾಡಿದರಂತೆ. ಮಳೆಗಾಲಕ್ಕೆ ಅವರಿಗೆ ವರ್ಗವಾಗಿ ಊರು ಬಿಟ್ಟರು. ಹೊರಡುವ ಮೊದಲು, ಕರೆಯದೆಯೇ, ನಮ್ಮ ಮನೆಗೂ ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

"ನೀನ್ ಯಾಕೋ ವಿಳಾಸ ಕೊಡ್ಲಿಲ್ಲ?"

"ನಂದು ಚೆನ್ನಾಗೇ ಇದೆ ಸಾರ್."

"ನಿಂತೋಗಲ್ವಾ?"

"ಅಪರೂಪಕ್ಕೆ. ಈ ಸಲ ಬಿಸಿಲು ಜಾಸ್ತಿ ಇತ್ತಲ್ವಾ? ನೀಲಿ ಆಗಿದ್ರೆ ಹೊತ್ಕೊಂಡು ಉರಿದೋಗಿರೋದು."

"ಅವತ್ತು ನಮ್ಮನೇಲಿ ಓಡಿದ್ದನ್ನ ನಿನ್ ಕಣ್ಣಾರೆ ನೋಡಿದ್ಯಲ್ಲೋ!"

"ನೋಡಿದೆ ಸಾರ್. ಆದ್ರೆ ಮೂರು ವರ್ಷ ನೀವು ಬರೆದಿದ್ದನ್ನ ಓದಿದೀನಲ್ಲ."

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತು, ಚೀಲದಿಂದ ಫ್ಯಾನ್ ತೆಗೆದರು.