ಹೆಪ್ಪಿಗೆ ತೊಡಿಸಿದ ಅಂಗಿ

ಅಥಣಿಯ ಚಪ್ಪಲಿ ಕಸಬುದಾರ ಗಂಗಾರಾಮ ನಲವತ್ತು ವರ್ಷ ಜಾಲಿ ತೊಗಟೆಯ ನೀರಿನಲ್ಲಿ ತೊಗಲು ಹದ ಮಾಡಿದವ. ಆ ನೀರಿನ ಹತ್ತಿರ ಕಬ್ಬಿಣದ ಸೂಜಿಯನ್ನೂ ಸುಳಿಯಗೊಡುತ್ತಿರಲಿಲ್ಲ. ಕಬ್ಬಿಣ ತಾಗಿದರೆ ತೊಗಲು ಕರ್ರಗಾಗುತ್ತದೆ. ಅಂಥವನಲ್ಲಿಗೆ ಕಾಲೇಜಿನ ರಾಜೇಶ್ವರಿ ಮೇಡಂ ತೊಗಟೆ ನೀರು ಕೇಳಿಕೊಂಡು ಬಂದಳು.

"ಇದಕ್ಕ ಚೂರು ಕಬ್ಬಿಣ ಕೂಡಿಸಿ ಕಣ್ಣಿಗೆ ಕಾಣದ ಜೀವಕಣಕ್ಕ ಅಂಗಿ ತೊಡಸ್ತೀವ್ರಿ ಕಾಕಾ. ಕೂದಲಿನ ಸಾವಿರದಾಗ ಒಂದ ಪಾಲಿಗಿಂತ ತೆಳು. ಬಿಸಲ ಬಡದ್ರೂ ಒಳಗಿನ ಜೀವ ಉಳೀತೈತಿ."

"ಹೆಪ್ಪಿನ್ಯಾಗೂ ಅಂಥ ಜೀವ ಇರ್ತಾವೇನ್ರಿ?"

"ಕೋಟಿಗಟ್ಟಲೆ ಇರ್ತಾವ."

ಜನ್ಮವಿಡೀ ಸತ್ತ ತೊಗಲಿನೊಂದಿಗೆ ಏಗಿದವನಿಗೆ ಒಮ್ಮೆಲೇ ಕೋಟಿ ಜೀವಂತ ಗಿರಾಕಿಗಳು! ಪಾಪ, ತಲೆ ತಿರುಗಿತು.

ಮೇ ತಿಂಗಳಲ್ಲಿ ಹೆಂಡತಿ ಚನ್ನವ್ವ ತಂಗಿಯ ಮಗಳ ಮದುವೆಗೆ ಎಂಟು ದಿನ ನಿಪ್ಪಾಣಿಗೆ ಹೊರಟಳು. ಹೆಪ್ಪಿನ ಗಡಿಗೆ ಗಂಡನ ಕೈಗಿಟ್ಟಳು. "ಅವ್ವ ಹೋಗಿ ಮೂರ ವರ್ಷ ಆತು. ಆಕಿ ಕೈಯಾಂದು ಇದೊಂದ ಉಳದೈತಿ. ದಿನಾ ಹಾಲ ಹಾಕಿ ಜೀವ ಹಿಡೀರಿ."

ದಿನಾ ಹಾಲು ಹಾಕುವುದು ದಡ್ಡರ ಕೆಲಸವೆನ್ನಿಸಿತು ಅವನಿಗೆ. ಅಂಗಿ ತೊಟ್ಟ ಜೀವಕ್ಕೆ ಹಾಲೇಕೆಂದು ಹೆಪ್ಪಷ್ಟನ್ನೂ ತೊಗಟೆ ನೀರಿಗೆ ಸುರುವಿ, ಜನ್ಮದಲ್ಲಿ ಮೊದಲ ಸಲ ತುಕ್ಕು ಹಿಡಿದ ಮೊಳೆಯೊಂದನ್ನು ಕೈಯಾರೆ ಅದರೊಳಗೆ ಬಿಟ್ಟ. "ಅಳತಿ ತಗೊಳ್ಳಾಕ ಆಗಲಿಲ್ರಿ, ಹೊಂದಿಸ್ಕೋರಿ" ಎಂದು ಗಿರಾಕಿಗಳಲ್ಲಿ ಕ್ಷಮೆಯನ್ನೂ ಕೇಳಿದ. ನೀರು ಮಸಿಯಾಯಿತು. ತಳಕ್ಕಿಳಿದ ಕರಿ ಗಸಿಯನ್ನು ಡಬ್ಬಿಗೆ ತುಂಬಿಟ್ಟು ನಿಶ್ಚಿಂತೆಯಿಂದ ಇದ್ದ.

ಮರಳಿ ಬಂದ ಚನ್ನವ್ವ ಡಬ್ಬಿ ತೆರೆದು ನೋಡಿದಳು. ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತಳು. "ನಮ್ಮವ್ವ ಇವತ್ತ ಸತ್ಲು ನೋಡ್ರಿ."

ಗಂಗಾರಾಮ ಡಬ್ಬಿ ಹಿಡಿದು ಮೇಡಂ ಹತ್ತಿರ ಓಡಿದ. ಆಕೆ ಸೂಕ್ಷ್ಮದರ್ಶಕದಲ್ಲಿ ಇಣುಕಿ ಹೇಳಿದಳು: "ಅಂಗಿ ಅಲ್ರಿ ಕಾಕಾ, ಕಂಬಳಿ ಹೊದಿಸೀರಿ. ಭಾಳಷ್ಟು ಸತ್ತಿರಬೇಕು. ಉಳದಾವು ಹರಕೊಂಡು ಹೊರಗ ಬರಾಕ ಟೈಮ್ ಹಿಡೀತೈತಿ."

ಮನೆಯಲ್ಲಿ ಗಂಡ ಹೆಂಡತಿ ಕಾಸಿ ಆರಿಸಿದ ಹಾಲಿಗೆ ಗಸಿ ಬೆರೆಸಿದರು. ಸಂಜೆಯವರೆಗೂ ಹಾಲು ಹಾಲಾಗಿಯೇ ಇತ್ತು. ಓಣಿಯವರು ಸರದಿಯಂತೆ ಬಂದು, "ಅಂಗಿ ಕಳದ್ರೇನ್ರಿ?" ಎಂದು ಬೀಗರ ಆರೋಗ್ಯ ವಿಚಾರಿಸುವಷ್ಟು ಗಂಭೀರವಾಗಿ ಕೇಳಿ ಚಹಾ ಕುಡಿದು ಹೋದರು. ಗಂಗಾರಾಮ ಮಾತ್ರ ಊಟ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಗಡಿಗೆಯಲ್ಲಿ ಬೂದಿ ಬಣ್ಣದ ಮೊಸರು ಗಟ್ಟಿಯಾಗಿ ಕೂತಿತ್ತು. ಚನ್ನವ್ವ ಬೆರಳದ್ದಿ ನಾಲಗೆಗಿಟ್ಟು ಕಣ್ಣು ಮುಚ್ಚಿದಳು. "ಹುಳಿ ಅವ್ವಂದ" ಎಂದಳು. ಆಗ ಅತ್ತವನು ಗಂಗಾರಾಮ.

ಚನ್ನವ್ವ ಎದ್ದು ನಾಲ್ಕು ಬಟ್ಟಲು ತೊಳೆದಳು. ಅದುವರೆಗೆ ಯಾರಿಗೂ ಒಂದು ಚಮಚ ಕೊಡದ ಹೆಪ್ಪನ್ನು ನಾಲ್ಕಕ್ಕೂ ಹಾಕಿ ಓಣಿಗೆ ಹಂಚಲು ಹೊರಟಳು.

"ಈ ಮನಷ್ಯಾ ಮತ್ತ ಶ್ಯಾಣ್ಯಾ ಆದ್ರ, ಅವ್ವ ನಾಕ ಮನ್ಯಾಗಾದ್ರೂ ಇರಲಿ."